ಹಸಿದ ಬೊಂಬೆ ಎಲ್ಲಿ ಹೋಯಿತು? ಪಿನೋಕಿಯೋ ಮರುಸೃಷ್ಟಿಗಳ ಹಿಂದಿನ ಲೆಕ್ಕಾಚಾರ

ಮಕ್ಕಳಿಗೆ ತೋರಿಸೋಣವೆಂದು ‘ಪಿನೋಕಿಯೋ’ ಚಿತ್ರ ಹುಡುಕಲು ಹೊರಟವರ ಮುಂದೆ ಈಗ ಅದೇ ಹೆಸರಿನ ಚಿತ್ರಗಳ ಸಾಲೇ ನಿಲ್ಲುತ್ತದೆ. 2019ರ ಡಿಸೆಂಬರ್‌ನಲ್ಲಿ ಇಟಲಿಯಲ್ಲಿ ತೆರೆಕಂಡ ಮಾತ್ತೆಯೋ ಗರೋನೆ ನಿರ್ದೇಶನದ ಚಿತ್ರ ಒಂದು. 2022ರ ಸೆಪ್ಟೆಂಬರ್‌ನಲ್ಲಿ ಡಿಸ್ನಿ ಸಂಸ್ಥೆ ತನ್ನ ಒಟಿಟಿಯಲ್ಲಿ ಬಿಡುಗಡೆ ಮಾಡಿದ, ಟಾಮ್ ಹ್ಯಾಂಕ್ಸ್ ನಟನೆಯ ಚಿತ್ರ ಇನ್ನೊಂದು. ಅದಾಗಿ ಮೂರು ತಿಂಗಳಿಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಗಿಯೆರ್ಮೊ ದೆಲ್ ತೋರೊ ಅವರ ಬೊಂಬೆ ಅನಿಮೇಷನ್ ಮತ್ತೊಂದು. ಮೂರರಲ್ಲೂ ಮರದ ಹುಡುಗ, ಬಡಗಿ ಅಪ್ಪ, ಮಾತನಾಡುವ ಕೀಟ ಇವೆ. ಆದರೂ ಒಂದನ್ನು ನೋಡಿ ಇನ್ನೊಂದಕ್ಕೆ ಬಂದವರಿಗೆ ಬೇರೆಯೇ ಕಥೆ ನೋಡಿದ ಹಾಗೆ ಅನಿಸುತ್ತದೆ.

ಈ ಗೊಂದಲಕ್ಕೆ ಇತ್ತೀಚಿನ ಸುದ್ದಿಗಳೂ ಸೇರಿಕೊಂಡಿವೆ. ಹಳೆಯ ಅನಿಮೇಷನ್ ಚಿತ್ರಗಳನ್ನು ನಟರನ್ನಿಟ್ಟುಕೊಂಡು ಮತ್ತೆ ತೆಗೆಯುವ, ‘ಲೈವ್ ಆಕ್ಷನ್’ ಎಂದು ಕರೆಸಿಕೊಳ್ಳುವ ಪದ್ಧತಿ 2025ರಲ್ಲಿ ದೊಡ್ಡ ಚರ್ಚೆಯಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಬಂದ ‘ಸ್ನೋ ವೈಟ್’ ಹಾಕಿದ ಬಂಡವಾಳವನ್ನೂ ಮರಳಿ ತರಲಿಲ್ಲ. ಎರಡೇ ತಿಂಗಳ ನಂತರ ಬಂದ ‘ಲಿಲೊ ಅಂಡ್ ಸ್ಟಿಚ್’ ನೂರು ಕೋಟಿ ಡಾಲರ್ ದಾಟಿತು. ಒಂದೇ ಸಂಸ್ಥೆ, ಒಂದೇ ಸೂತ್ರ, ಫಲಿತಾಂಶ ಮಾತ್ರ ತದ್ವಿರುದ್ಧ. ‘ಇಂಥ ಮರುಸೃಷ್ಟಿ ಬೇಕೇ ಬೇಡವೇ’ ಎಂದು ಜನ ಎರಡು ಪಾಳಯಗಳಾಗಿ ವಾದಿಸುತ್ತಿದ್ದಾರೆ. ಆದರೆ ‘ಯಾವುದರ ಮರುಸೃಷ್ಟಿ?’ ಎಂಬ ಪ್ರಶ್ನೆ ಅದಕ್ಕೂ ಮೊದಲು ಬರಬೇಕು. ಅದನ್ನು ಕೇಳಲು ಪಿನೋಕಿಯೋಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎರಡು ಬೊಂಬೆಗಳು, ಇಬ್ಬರು ಒಡೆಯರು

ಪಿನೋಕಿಯೋನ ಕರ್ತೃ ಫ್ಲಾರೆನ್ಸ್ ನಗರದ ಕಾರ್ಲೊ ಲೊರೆಂಝಿನಿ. 1826ರಲ್ಲಿ ಹುಟ್ಟಿ 1890ರಲ್ಲಿ ತೀರಿಕೊಂಡ ಈ ಪತ್ರಕರ್ತ ತಾಯಿಯ ಊರಾದ ಕೊಲ್ಲೋದಿಯ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡಿದ್ದರು. ಲೇಖಕರು ಸತ್ತು ಒಂದು ಶತಮಾನಕ್ಕೂ ಹೆಚ್ಚಾಗಿದೆ. ಇಟಲಿಯಲ್ಲಿ ಕೃತಿಸ್ವಾಮ್ಯ ಲೇಖಕರ ಮರಣಾನಂತರ 70 ವರ್ಷ, ಭಾರತದಲ್ಲಿ 60 ವರ್ಷ. ಹೀಗಾಗಿ ಕೊಲ್ಲೋದಿಯ ಕಥೆ ಇಂದು ಸಾರ್ವಜನಿಕ ಸ್ವತ್ತು. ಯಾರು ಬೇಕಾದರೂ, ಯಾರ ಅನುಮತಿಯೂ ಇಲ್ಲದೆ, ಯಾವ ಭಾಷೆಯಲ್ಲಾದರೂ ಚಿತ್ರ ಮಾಡಬಹುದು. ಒಂದೇ ವರ್ಷದಲ್ಲಿ ಒಂದೇ ಹೆಸರಿನ ಎರಡು ದೊಡ್ಡ ಚಿತ್ರಗಳು ಯಾವ ಕೋರ್ಟಿನ ಮೆಟ್ಟಿಲೂ ಹತ್ತದೆ ಬಿಡುಗಡೆಯಾಗಲು ಕಾರಣ ಇದೇ.

ಜಗತ್ತಿನ ಹೆಚ್ಚಿನ ಜನರ ಮನಸ್ಸಿನಲ್ಲಿರುವ ಪಿನೋಕಿಯೋ ಮಾತ್ರ ಇದಲ್ಲ. ಹಳದಿ ಟೋಪಿ, ಬಿಳಿ ಕೈಗವಸು, ದುಂಡು ಕೆನ್ನೆಯ ಆ ಹುಡುಗ 1940ರಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಹುಟ್ಟಿದವನು. ಆ ರೂಪ, ಆ ಹಾಡುಗಳು, ಜಿಮಿನಿ ಎಂಬ ಹೆಸರಿನ ಮಿಡತೆ ಆ ಸಂಸ್ಥೆಯ ಆಸ್ತಿ. ಅಮೆರಿಕದ ಕಾನೂನಿನಂತೆ ಆ ಕಾಲದ ಚಿತ್ರಗಳಿಗೆ 95 ವರ್ಷ ರಕ್ಷಣೆ. 2035ರ ಕೊನೆಯವರೆಗೆ ಬೇರೆಯವರು ಅದನ್ನು ಮುಟ್ಟುವಂತಿಲ್ಲ.

ಹೀಗೆ ಒಂದೇ ಹೆಸರಿನಡಿ ಎರಡು ಬೊಂಬೆಗಳಿವೆ. 2022ರ ಡಿಸ್ನಿ ಚಿತ್ರ 1940ರ ಚಿತ್ರದ ಮರುಸೃಷ್ಟಿ. ಗರೋನೆಯವರದು 1883ರ ಪುಸ್ತಕದ ಮರುಸೃಷ್ಟಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಮೂಲಕ್ಕೆ ಯಾವುದು ನಿಷ್ಠ’ ಎಂದು ತೂಗಿದರೆ ಉತ್ತರ ಸಿಗುವುದಿಲ್ಲ. ಎರಡಕ್ಕೂ ಮೂಲವೇ ಬೇರೆ.

ಅಜ್ಜಿಕಥೆಯಲ್ಲ, ಪತ್ರಿಕೆಯ ಧಾರಾವಾಹಿ

ಇದನ್ನು ಇಟಲಿಯ ಜಾನಪದ ಕಥೆ ಎಂದು ಪರಿಚಯಿಸುವವರಿದ್ದಾರೆ. ಅದು ಸರಿಯಲ್ಲ. ಜಾನಪದದಿಂದ ಬಂದ ಕಥೆಗಳ ದೊಡ್ಡ ಭಂಡಾರ ಇಟಲಿಗೆ ಬೇರೆಯೇ ಇದೆ. ನೇಪಲ್ಸ್‌ನ ಜಾಂಬಟ್ಟಿಸ್ಟಾ ಬಸೀಲೆಯ ಸಂಗ್ರಹ 1630ರ ದಶಕದಲ್ಲೇ ಅಚ್ಚಾಗಿತ್ತು. ಸಿಂಡರೆಲಾ ಕಥೆ ಫ್ರೆಂಚರ, ಜರ್ಮನರ ಪುಸ್ತಕಗಳಿಗೆ ಸೇರುವ ಮೊದಲೇ ಅದರಲ್ಲಿತ್ತು. ಪಿನೋಕಿಯೋ ಆ ಬಗೆಯದಲ್ಲ. ಒಬ್ಬ ಲೇಖಕ ಒಂದು ಕಾಲದಲ್ಲಿ ಕೂತು ಬರೆದ ಕಾದಂಬರಿ ಅದು.

1881ರ ಜುಲೈನಲ್ಲಿ ರೋಮ್‌ನ ಮಕ್ಕಳ ವಾರಪತ್ರಿಕೆಯೊಂದರಲ್ಲಿ ಅದು ಕಂತುಗಳಾಗಿ ಆರಂಭವಾಯಿತು. ಹದಿನೈದನೆಯ ಅಧ್ಯಾಯದಲ್ಲಿ ಇಬ್ಬರು ಹಂತಕರು ಪಿನೋಕಿಯೋನನ್ನು ಓಕ್ ಮರಕ್ಕೆ ನೇಣು ಹಾಕುತ್ತಾರೆ. ಅವನು ಅಪ್ಪನನ್ನು ನೆನೆಯುತ್ತ ಕಣ್ಣು ಮುಚ್ಚುತ್ತಾನೆ. ಕೊಲ್ಲೋದಿ ಕಥೆಯನ್ನು ಅಲ್ಲಿಗೇ ಮುಗಿಸಿದ್ದರು. ಓದುವ ಮಕ್ಕಳು ಒಪ್ಪಲಿಲ್ಲ. ಪತ್ರಿಕೆಯವರ ಒತ್ತಾಯದ ಮೇಲೆ ಕೆಲವು ತಿಂಗಳ ನಂತರ ಕಥೆ ಮತ್ತೆ ಹಿಡಿದು, ನೀಲಿ ಕೂದಲಿನ ಯಕ್ಷಿಣಿಯಿಂದ ಬೊಂಬೆಯನ್ನು ಬದುಕಿಸಿ, 36 ಅಧ್ಯಾಯಗಳವರೆಗೆ ಬೆಳೆಸಿದರು. 1883ರಲ್ಲಿ ಅದು ಫ್ಲಾರೆನ್ಸ್‌ನಲ್ಲಿ ಪುಸ್ತಕವಾಯಿತು.

ಸಾವಿನಲ್ಲಿ ಮುಗಿಯಬೇಕಿದ್ದ ಕಥೆ ಸುಖಾಂತವಾದದ್ದು ಹೀಗೆ. ಈ ಎರಡು ತುಂಡುಗಳ ಬೆಸುಗೆ ಪುಸ್ತಕದಲ್ಲಿ ಇಂದಿಗೂ ಕಾಣುತ್ತದೆ. ಮೊದಲರ್ಧ ಕ್ರೂರ, ಎರಡನೆಯ ಅರ್ಧ ಸುಧಾರಣೆಯ ದಾರಿ. ಯಾವ ಅರ್ಧವನ್ನು ನೆಚ್ಚಿಕೊಳ್ಳುತ್ತಾರೆ ಎಂಬುದರ ಮೇಲೆ ನಿರ್ದೇಶಕರ ಚಿತ್ರದ ಬಣ್ಣ ನಿರ್ಧಾರವಾಗುತ್ತದೆ.

ಗೋಡೆಯ ಮೇಲೆ ಬರೆದ ಪಾತ್ರೆ

ಪಿನೋಕಿಯೋ ಎಂದರೆ ಸುಳ್ಳು ಹೇಳಿದಾಗ ಮೂಗು ಬೆಳೆಯುವ ಹುಡುಗ ಎಂಬುದು ಲೋಕದ ತಿಳಿವಳಿಕೆ. ಪುಸ್ತಕ ಓದಿದವರಿಗೆ ಬೇರೊಂದು ಚಿತ್ರ ಎದುರಾಗುತ್ತದೆ.

ಬಡಗಿ ಜೆಪ್ಪೆತ್ತೋನ ಮನೆ ಎಂದರೆ ಮೆಟ್ಟಿಲ ಕೆಳಗಿನಿಂದ ಬೆಳಕು ಪಡೆಯುವ ಒಂದು ಪುಟ್ಟ ಕೋಣೆ. ಕೆಟ್ಟ ಕುರ್ಚಿ, ಹಾಳಾದ ಮೇಜು. ಹಿಂದಿನ ಗೋಡೆಯಲ್ಲಿ ಬೆಂಕಿ ಉರಿಯುತ್ತಿದೆ, ಪಕ್ಕದ ಪಾತ್ರೆಯಿಂದ ಹಬೆ ಏಳುತ್ತಿದೆ. ಬೆಂಕಿ, ಪಾತ್ರೆ, ಹಬೆ ಎಲ್ಲವೂ ಬಣ್ಣದಲ್ಲಿ ಬರೆದವು. ಎರಡು ಅಧ್ಯಾಯ ಕಳೆದ ಮೇಲೆ ಹೊಟ್ಟೆ ಚುರುಗುಟ್ಟಿ ಪಿನೋಕಿಯೋ ಆ ಪಾತ್ರೆಯ ಮುಚ್ಚಳ ತೆರೆಯಲು ಓಡುತ್ತಾನೆ. ಕೈಗೆ ಗೋಡೆ ತಾಗುತ್ತದೆ. ಆ ಕ್ಷಣ ಅವನ ಮೂಗು ನಾಲ್ಕು ಬೆರಳಿನಷ್ಟು ಉದ್ದವಾಗುತ್ತದೆ ಎಂದು ಕೊಲ್ಲೋದಿ ಬರೆಯುತ್ತಾರೆ. ಅವನು ಆಗ ಯಾವ ಸುಳ್ಳನ್ನೂ ಹೇಳಿರುವುದಿಲ್ಲ. ಅವನಿಗೆ ಹಸಿವಾಗಿರುತ್ತದೆ, ಅಷ್ಟೇ.

ಅಲ್ಲಿಂದ ಮುಂದೆ ಹಸಿವು ಕಥೆಯನ್ನು ಬಿಡುವುದೇ ಇಲ್ಲ. ಒಡೆದ ಮೊಟ್ಟೆಯಿಂದ ಮರಿ ಹಾರಿಹೋಗುತ್ತದೆ. ಅನ್ನ ಬೇಡಲು ಹೋದರೆ ಕಿಟಕಿಯಿಂದ ತಲೆಯ ಮೇಲೆ ನೀರು ಸುರಿಯುತ್ತದೆ. ಚಳಿಗೆ ಕೆಂಡದ ಮೇಲಿಟ್ಟ ಮರದ ಕಾಲು ರಾತ್ರಿಯೆಲ್ಲ ಸುಟ್ಟು ಬೂದಿಯಾಗುತ್ತದೆ. ಅಪ್ಪ ತನಗೆಂದು ತಂದಿದ್ದ ಮೂರು ಪಿಯರ್ ಹಣ್ಣನ್ನು ಕೊಟ್ಟಾಗ ಸಿಪ್ಪೆ ತಿನ್ನುವುದಿಲ್ಲ ಎಂದು ಹಟ ಮಾಡಿದ ಮಗ, ಕೊನೆಗೆ ಸಿಪ್ಪೆಯನ್ನೂ ಬೀಜದ ಗಂಟನ್ನೂ ತಿಂದು ಮುಗಿಸುತ್ತಾನೆ. ಹಿಮ ಬೀಳುವ ದಿನ ಜೆಪ್ಪೆತ್ತೋ ಮೈಮೇಲಿದ್ದ ಒಂದೇ ಕೋಟನ್ನು ಮಾರಿ ಮಗನಿಗೆ ಅಕ್ಷರಮಾಲೆಯ ಪುಸ್ತಕ ತರುತ್ತಾನೆ. ಕೋಟು ಎಲ್ಲಿ ಎಂದರೆ ‘ಸೆಕೆಯಾಗುತ್ತಿತ್ತು’ ಎನ್ನುತ್ತಾನೆ. ಇಡೀ ಕಥೆಯಲ್ಲಿ ಅತ್ಯಂತ ದೊಡ್ಡ ಸುಳ್ಳು ಅದೇ ಇರಬೇಕು. ಅದಕ್ಕೆ ಯಾರ ಮೂಗೂ ಬೆಳೆಯುವುದಿಲ್ಲ.

ಇದಕ್ಕೆ ಹಿನ್ನೆಲೆ ಇದೆ. ಇಟಲಿ ಒಂದು ರಾಷ್ಟ್ರವಾದದ್ದು 1861ರಲ್ಲಿ. ಆಗ ಜನಸಂಖ್ಯೆಯ ಬಹುಪಾಲು ನಿರಕ್ಷರಿಗಳು. 1877ರ ಕಾನೂನು ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯ ಮಾಡಿತು. ಆದರೆ ಹೊಟ್ಟೆಗಿಲ್ಲದ ಮನೆಯ ಮಗು ಶಾಲೆಗೆ ಹೇಗೆ ಹೋದೀತು? ಬಡ ಮಕ್ಕಳನ್ನು ಬೀದಿ ಸಂಗೀತಕ್ಕೆ, ಭಿಕ್ಷೆಗೆ ಪರದೇಶಗಳಿಗೆ ಸಾಗಿಸುವ ದಂಧೆ ಎಷ್ಟು ಬೆಳೆದಿತ್ತೆಂದರೆ 1873ರಲ್ಲಿ ಅದನ್ನು ನಿಷೇಧಿಸಿ ಕಾನೂನು ತರಬೇಕಾಯಿತು. ಮಕ್ಕಳನ್ನು ಆಟಿಕೆಗಳ ನಾಡಿಗೆ ಪುಸಲಾಯಿಸಿ ಕರೆದೊಯ್ದು, ಅವರು ಕತ್ತೆಗಳಾದ ಮೇಲೆ ಸಂತೆಯಲ್ಲಿ ಮಾರುವ ಗಾಡಿಯವನನ್ನು ಓದುವಾಗ ಆ ಕಾಲದ ಓದುಗರಿಗೆ ಏನು ನೆನಪಾಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ನ್ಯಾಯದ ಬಗ್ಗೆಯೂ ಕೊಲ್ಲೋದಿಗೆ ಭ್ರಮೆ ಇರಲಿಲ್ಲ. ನರಿ ಮತ್ತು ಬೆಕ್ಕು ತನ್ನ ಚಿನ್ನದ ನಾಣ್ಯ ಕದ್ದವೆಂದು ದೂರು ಕೊಟ್ಟ ಪಿನೋಕಿಯೋನನ್ನೇ ಗೊರಿಲ್ಲಾ ಜಾತಿಯ ನ್ಯಾಯಾಧೀಶ ನಾಲ್ಕು ತಿಂಗಳು ಜೈಲಿಗೆ ಹಾಕಿಸುತ್ತಾನೆ. ಬಿಡುಗಡೆ ಆದೇಶ ಬಂದಾಗ ಅದು ದುಷ್ಕರ್ಮಿಗಳಿಗೆ ಮಾತ್ರ. ‘ನಾನೂ ದುಷ್ಕರ್ಮಿಯೇ’ ಎಂದು ಹೇಳಿಕೊಂಡಾಗ ಮಾತ್ರ ಅವನಿಗೆ ಬಾಗಿಲು ತೆರೆಯುತ್ತದೆ.

1940ರ ತಿರುವು

ಡಿಸ್ನಿ ಸ್ಟುಡಿಯೋ ಈ ಕಥೆಗೆ ಕೈ ಹಾಕಿದಾಗ ಮೊದಲು ಎದುರಾದ ತೊಡಕು ಪಿನೋಕಿಯೋನೇ. ಪುಸ್ತಕದವನು ಒರಟ, ಉಡಾಳ. ಬುದ್ಧಿ ಹೇಳಿದ ಕೀಟವನ್ನು ನಾಲ್ಕನೆಯ ಅಧ್ಯಾಯದಲ್ಲೇ ಸುತ್ತಿಗೆ ಎಸೆದು ಕೊಲ್ಲುತ್ತಾನೆ. ಇಂಥವನನ್ನು ಪ್ರೇಕ್ಷಕರು ಪ್ರೀತಿಸಲಾರರು ಎಂದು ವಾಲ್ಟ್ ಡಿಸ್ನಿ ನಡುವೆಯೇ ಕೆಲಸ ನಿಲ್ಲಿಸಿದರು. ಬೊಂಬೆಯ ರೂಪವನ್ನು ಮುದ್ದು ಬಾಲಕನಂತೆ ತಿದ್ದಲಾಯಿತು. ಸತ್ತ ಕೀಟ ಜಿಮಿನಿಯಾಗಿ, ಅವನ ಆತ್ಮಸಾಕ್ಷಿಯಾಗಿ, ಕಥೆಯ ನಿರೂಪಕನಾಗಿ ಮರುಹುಟ್ಟು ಪಡೆಯಿತು.

ಒಂದು ಬದಲಾವಣೆ ಮತ್ತೊಂದನ್ನು ಎಳೆದು ತಂದಿತು. ಹುಡುಗ ಮುಗ್ಧನಾದ ಮೇಲೆ ಅವನ ತಪ್ಪುಗಳಿಗೆ ಹೊರಗಿನ ಕೆಟ್ಟವರು ಕಾರಣರಾಗಬೇಕು. ನರಿ, ಗಾಡಿಯವನು ಹೆಚ್ಚು ಭೀಕರರಾದರು. ಆತ್ಮಸಾಕ್ಷಿ ಹೆಗಲ ಮೇಲೆ ಕೂತ ಮೇಲೆ ಮುಖ್ಯ ಪ್ರಶ್ನೆ ‘ಸರಿ ಯಾವುದು, ತಪ್ಪು ಯಾವುದು’ ಎಂದಾಯಿತು. ಹಸಿವಿಗೆ ಜಾಗ ಉಳಿಯಲಿಲ್ಲ. ಜೆಪ್ಪೆತ್ತೋಗೆ ಬೆಕ್ಕು, ಮೀನು, ಗೋಡೆ ತುಂಬ ಗಡಿಯಾರಗಳ ಬೆಚ್ಚನೆಯ ಮನೆ ಸಿಕ್ಕಿತು. ಜೆಪ್ಪೆತ್ತೋನನ್ನು ನುಂಗುವ ಪ್ರಾಣಿ ಕೊಲ್ಲೋದಿಯಲ್ಲಿ ಭಾರಿ ಶಾರ್ಕ್, ಇಲ್ಲಿ ತಿಮಿಂಗಿಲ. ಕಲೆಯಾಗಿ ಆ ಚಿತ್ರ ಅನಿಮೇಷನ್ ಇತಿಹಾಸದ ಶಿಖರಗಳಲ್ಲಿ ಒಂದು, ಅದರಲ್ಲಿ ಅನುಮಾನವಿಲ್ಲ. ಅದರ ಗೆಲುವಿನಿಂದಲೇ ಮೂಲದ ಬಡತನ ಜಗತ್ತಿನ ನೆನಪಿನಿಂದ ಅಳಿಸಿಹೋಯಿತು ಎಂಬುದೂ ಅಷ್ಟೇ ನಿಜ.

ಮರದ ಮುಖಕ್ಕೆ ನಟ ಯಾರು?

ನಟರನ್ನಿಟ್ಟು ಈ ಕಥೆ ತೆಗೆಯುವವರಿಗೆ ಒಂದು ಹಳೆಯ ಸಮಸ್ಯೆ ಇದೆ. ಬೊಂಬೆಯ ಪಾತ್ರವನ್ನು ಯಾರು ಮಾಡಬೇಕು? ನಮ್ಮ ಉಪ್ಪಿನಕುದ್ರುವಿನ ಯಕ್ಷಗಾನ ಬೊಂಬೆಯಾಟದಲ್ಲಿ ಸೂತ್ರ ಹಿಡಿದವರ ಕೈಚಳಕದಿಂದ ಮರಕ್ಕೆ ಜೀವ ಬರುತ್ತದೆ. ಮುಖ ಕದಲದಿದ್ದರೂ ನೋಡುವವರು ಭಾವವನ್ನು ತುಂಬಿಕೊಳ್ಳುತ್ತಾರೆ. ಸಿನಿಮಾದ ಸಮೀಪಚಿತ್ರ ಅಷ್ಟು ಸಡಿಲ ಕೊಡುವುದಿಲ್ಲ. ಪಿನೋಕಿಯೋ ಸೂತ್ರವೇ ಇಲ್ಲದ ಬೊಂಬೆ ಬೇರೆ.

1911ರ ಇಟಲಿಯ ಮೂಕಿ ಚಿತ್ರದಲ್ಲಿ ವಯಸ್ಕ ವಿದೂಷಕ ನಟನೊಬ್ಬ ಆ ಪಾತ್ರ ಮಾಡಿದ. 1972ರಲ್ಲಿ ಇಟಲಿಯ ಟಿವಿಗೆ ಲುಯಿಜಿ ಕೊಮೆಂಚಿನಿ ಮಾಡಿದ ಧಾರಾವಾಹಿ ಬೇರೆ ಉಪಾಯ ಹುಡುಕಿತು. ಅಲ್ಲಿ ಯಕ್ಷಿಣಿ ಮೊದಲಿಗೇ ಬೊಂಬೆಯನ್ನು ಹುಡುಗನನ್ನಾಗಿ ಮಾಡುತ್ತಾಳೆ. ತಪ್ಪು ಮಾಡಿದಾಗ ಅವನು ಮತ್ತೆ ಮರವಾಗುತ್ತಾನೆ. ಹಸಿದ ನಿಜವಾದ ಹುಡುಗನ ಮುಖ ತೆರೆಯ ಮೇಲೆ ಬಂದದ್ದರಿಂದ ಒಂದು ತಲೆಮಾರಿನ ಇಟಾಲಿಯನ್ನರಿಗೆ ಅದೇ ನಿಜವಾದ ಪಿನೋಕಿಯೋ ಆಯಿತು. 2002ರಲ್ಲಿ ರೊಬೆರ್ತೊ ಬೆನಿನ್ಯಿ ತಾವೇ ನಿರ್ದೇಶಿಸಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ ತಾವೇ ಬೊಂಬೆಯಾದರು. ಇಂಗ್ಲಿಷಿಗೆ ಡಬ್ ಆಗಿ ಅಮೆರಿಕಕ್ಕೆ ಹೋದ ಆ ಚಿತ್ರವನ್ನು ಅಲ್ಲಿನ ವಿಮರ್ಶಕರು ಒಕ್ಕೊರಲಿನಿಂದ ತಿರಸ್ಕರಿಸಿದರು.

ಗರೋನೆ 2019ರಲ್ಲಿ ಅದೇ ಬೆನಿನ್ಯಿಯನ್ನು ಜೆಪ್ಪೆತ್ತೋ ಮಾಡಿದರು, ಬೊಂಬೆಯ ಪಾತ್ರಕ್ಕೆ ಫೆದೆರಿಕೊ ಇಯೆಲಾಪಿ ಎಂಬ ಬಾಲನಟನನ್ನು ತಂದರು. ಮೇಕಪ್ ಕಲಾವಿದ ಮಾರ್ಕ್ ಕೂಲಿಯೆ ಅವರ ತಂಡ ದಿನವೂ ಗಂಟೆಗಟ್ಟಲೆ ಕೂತು ಹುಡುಗನ ಮುಖದ ಮೇಲೆ ಮರದ ಎಳೆಗಳ ಮುಖವಾಡ ಅಂಟಿಸುತ್ತಿತ್ತು. ಬಸವನ ಹುಳು, ಮೀನು, ಗೊರಿಲ್ಲಾ ನ್ಯಾಯಾಧೀಶ ಕೂಡ ಹೀಗೆ ಮೇಕಪ್ ಹೊತ್ತ ನಟರೇ. ಕಂಪ್ಯೂಟರ್ ಮೃಗಗಳಿಗೆ ಒಗ್ಗಿದ ಕಣ್ಣಿಗೆ ಇವು ಮೊದಲು ವಿಚಿತ್ರವೆನಿಸುತ್ತವೆ. ಸ್ವಲ್ಪ ಹೊತ್ತಿಗೆ ಅವುಗಳ ತೂಕ, ಉಸಿರು, ಚರ್ಮ ನಿಜವೆನಿಸತೊಡಗುತ್ತದೆ. ಮೇಕಪ್ ಮತ್ತು ವಸ್ತ್ರವಿನ್ಯಾಸಕ್ಕೆ ಈ ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆಯಿತು.

ಆದರೆ ಗರೋನೆಯ ಮುಖ್ಯ ಸಾಧನೆ ಮೇಕಪ್ಪಿನದಲ್ಲ. ಅವರ ಚಿತ್ರ ಆರಂಭವಾಗುವುದೇ ಹಸಿದ ಜೆಪ್ಪೆತ್ತೋನಿಂದ. ಅವನು ಉಳಿಯಿಂದ ಚೀಸ್‌ನ ಸಿಪ್ಪೆ ಕೆರೆದು ತಿನ್ನುತ್ತಾನೆ. ಊರಿನ ಹೋಟೆಲಿಗೆ ಹೋಗಿ ಸರಿಯಾಗಿಯೇ ಇರುವ ಮೇಜು, ಬಾಗಿಲುಗಳಲ್ಲಿ ದೋಷ ಹುಡುಕಿ, ರಿಪೇರಿ ಮಾಡಿಕೊಡುತ್ತೇನೆ ಎನ್ನುತ್ತಾನೆ. ನೇರವಾಗಿ ಬೇಡಲು ಮನಸ್ಸು ಒಪ್ಪದ ಕುಶಲಕರ್ಮಿಯ ಮಾನ ಆ ಕೆಲವೇ ನಿಮಿಷಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. 1940ರಲ್ಲಿ ಕಳೆದುಹೋದದ್ದು ಇಲ್ಲಿ ಮರಳಿ ಬಂದಿದೆ.

2022ರ ಡಿಸ್ನಿ ಚಿತ್ರದಲ್ಲಿ ನಟರು ಇದ್ದಾರೆ, ಆದರೆ ಪಿನೋಕಿಯೋ ಕಂಪ್ಯೂಟರಿನಲ್ಲಿ ಮೂಡಿದವನು, ರೂಪ 1940ರದ್ದೇ. ‘ಲೈವ್ ಆಕ್ಷನ್’ ಎಂಬ ಪದ ಇಂದು ಎಷ್ಟು ಸಡಿಲವಾಗಿದೆ ಎಂಬುದಕ್ಕೆ ಇದು ನಿದರ್ಶನ. ನಿರ್ದೇಶಕ ರಾಬರ್ಟ್ ಝೆಮೆಕಿಸ್ ಕೆಲವು ಪ್ರಸಂಗಗಳನ್ನು ಈ ಕಾಲಕ್ಕೆ ತಿದ್ದಿದ್ದಾರೆ. ಹಳೆಯ ಚಿತ್ರದಲ್ಲಿ ಮಕ್ಕಳು ಕುಡಿಯುತ್ತಿದ್ದ ಬಿಯರ್ ಇಲ್ಲಿ ಅಮಲಿಲ್ಲದ ಪಾನೀಯವಾಗಿದೆ. ಪಂಜರದಲ್ಲಿ ಸಿಕ್ಕಿಬಿದ್ದ ಹುಡುಗ ಬೇಕೆಂದೇ ಸುಳ್ಳು ಹೇಳಿ, ಮೂಗು ಬೆಳೆಸಿ, ಅದರಿಂದ ಬೀಗದ ಕೈಯನ್ನು ಎಟುಕಿಸಿಕೊಳ್ಳುತ್ತಾನೆ. ಸುಳ್ಳಿಗೆ ಶಿಕ್ಷೆಯಾಗಿದ್ದ ಮೂಗು ಉಪಯುಕ್ತ ಸಲಕರಣೆಯಾದಾಗ ನೀತಿಯ ಕಟ್ಟು ಸಡಿಲವಾಗುತ್ತದೆ. ಹಸಿವನ್ನು ಮೊದಲೇ ಕಳೆದುಕೊಂಡಿದ್ದ ಕಥೆಗೆ ಉಳಿದಿದ್ದ ಆಧಾರವೂ ಹೋಯಿತು. ಆ ಚಿತ್ರ ಚೆಲುವಾಗಿದ್ದೂ ಟೊಳ್ಳೆನಿಸಲು ಕಾರಣ ತಂತ್ರಜ್ಞಾನದ ಕೊರತೆಯಲ್ಲ, ಇದು.

ವಾದ, ಪ್ರತಿವಾದ

ಸ್ಟುಡಿಯೋಗಳ ಕಡೆಯ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಕೋಟಿಗಟ್ಟಲೆ ಡಾಲರ್ ಹೂಡುವಾಗ ಜನರಿಗೆ ಈಗಾಗಲೇ ಗೊತ್ತಿರುವ ಹೆಸರು ಅರ್ಧ ಪ್ರಚಾರವನ್ನು ತಾನೇ ಮಾಡುತ್ತದೆ. ಅಪ್ಪ ಅಮ್ಮ ಬಾಲ್ಯದಲ್ಲಿ ನೋಡಿದ್ದನ್ನು ಮಕ್ಕಳಿಗೆ ತೋರಿಸಲು ಬರುತ್ತಾರೆ. ಹಳೆಯ ಹಾಡು, ಆಟಿಕೆ, ಮನರಂಜನಾ ಉದ್ಯಾನದ ಸವಾರಿ ಎಲ್ಲಕ್ಕೂ ಹೊಸ ಆಯುಷ್ಯ ಸಿಗುತ್ತದೆ. 2019ರಲ್ಲಿ ‘ದಿ ಲಯನ್ ಕಿಂಗ್’, ‘ಅಲ್ಲಾದೀನ್’ ಎರಡೂ ನೂರು ಕೋಟಿ ಡಾಲರ್ ದಾಟಿದಾಗ ಈ ಲೆಕ್ಕ ಸರಿಯೆಂದೇ ಕಂಡಿತ್ತು.

ವಿರೋಧಿಗಳದು, ಇದು ಕಲ್ಪನೆಯ ಬಡತನ ಎಂಬ ದೂರು. ಆದರೆ ಮತ್ತೆ ಹೇಳುವುದೇ ತಪ್ಪು ಎಂಬ ಮಾತನ್ನು ಕನ್ನಡದವರು ಒಪ್ಪುವುದು ಕಷ್ಟ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎಂದ ಕುಮಾರವ್ಯಾಸ ತಾನು ಕೈಗೆತ್ತಿಕೊಂಡದ್ದೂ ಪಂಪ ಮೊದಲೇ ಹೇಳಿದ್ದ ಭಾರತವನ್ನೇ. ಪಂಪನ ನಾಯಕ ಅರ್ಜುನ, ಕುಮಾರವ್ಯಾಸನ ಕಣ್ಣು ಕೃಷ್ಣನ ಮೇಲೆ. ಹೇಳುವವರಿಗೆ ಕಥೆಯಲ್ಲಿ ಹೊಸದೇನೋ ಕಂಡಿದ್ದರೆ ಮರುಕಥನಕ್ಕೆ ಅರ್ಥವಿದೆ. ದೆಲ್ ತೋರೊ ಪುಸ್ತಕದಿಂದ ಬಹಳ ದೂರ ಹೋಗಿ ಕಥೆಯನ್ನು ಸರ್ವಾಧಿಕಾರಿ ಮುಸೊಲಿನಿಯ ಕಾಲಕ್ಕೆ ಒಯ್ದರು. ಎಲ್ಲರೂ ಸೂತ್ರದ ಬೊಂಬೆಗಳಾಗಿರುವ ನಾಡಿನಲ್ಲಿ ಮಾತು ಕೇಳದ ಮರದ ಹುಡುಗನೊಬ್ಬನೇ ಸ್ವತಂತ್ರ ಎಂದರು. ವಿಧೇಯತೆ ಕಲಿಸುವ ಕಥೆಯನ್ನು ಅವಿಧೇಯತೆಯ ಕಥೆಯಾಗಿ ತಿರುಗಿಸಿದ ಆ ಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತು. ಗರೋನೆ ಪುಸ್ತಕಕ್ಕೆ ಹತ್ತಿರ, ದೆಲ್ ತೋರೊ ದೂರ. ಇಬ್ಬರಿಗೂ ಹೇಳಲು ಏನೋ ಇತ್ತು. ಆದ್ದರಿಂದ ನಿಷ್ಠೆಯನ್ನೇ ಅಳತೆಗೋಲು ಮಾಡಿಕೊಂಡರೆ ದಾರಿ ತಪ್ಪುತ್ತೇವೆ.

ಮುಂದೇನು?

2025ರಲ್ಲಿ ‘ಸ್ನೋ ವೈಟ್’ ಸೋಲಿನ ಬೆನ್ನಿಗೇ ಡಿಸ್ನಿ ‘ಟ್ಯಾಂಗಲ್ಡ್’ ಚಿತ್ರದ ಮರುಸೃಷ್ಟಿಯ ಕೆಲಸವನ್ನು ತಡೆಹಿಡಿದಿತ್ತು ಎಂದು ಆಗ ವರದಿಯಾಗಿತ್ತು. ಪದ್ಧತಿ ಇದರಿಂದ ನಿಲ್ಲಲಾರದು. ಪ್ರೇಕ್ಷಕರಿಗೆ ಇಪ್ಪತ್ತು ಮೂವತ್ತು ವರ್ಷ ಹಿಂದಿನ ಸ್ವಂತ ನೆನಪಿರುವ ಚಿತ್ರಗಳತ್ತ ಹಣ ವಾಲುವ ಸಾಧ್ಯತೆ ಹೆಚ್ಚು. ‘ಸ್ನೋ ವೈಟ್’, ‘ಪಿನೋಕಿಯೋ’ಗಳಂಥ ಹಳೆಯವು ಅಜ್ಜ ಅಜ್ಜಿಯರ ಕಾಲದವು, ಇಂದಿನ ಅಪ್ಪ ಅಮ್ಮಂದಿರಿಗೆ ಅವುಗಳ ಮೇಲೆ ಅಷ್ಟು ಸೆಳೆತವಿಲ್ಲ.

ಎರಡನೆಯ ಪರಿಣಾಮ ಇಟಲಿಯಂಥ ಚಿಕ್ಕ ಉದ್ಯಮಗಳ ಮೇಲೆ. ಗರೋನೆಯ ಚಿತ್ರ ಇಟಾಲಿಯನ್ ಭಾಷೆಯಲ್ಲಿ ಗೆದ್ದರೂ ಅಮೆರಿಕದ ಚಿತ್ರಮಂದಿರಗಳಿಗೆ 2020ರ ಕೊನೆಯಲ್ಲಿ ಹೋದದ್ದು ಇಂಗ್ಲಿಷ್ ಡಬ್ಬಿಂಗ್ ಮೂಲಕ. ಮೂಲದ ನಾಡೇ ತನ್ನ ಕಥೆಯನ್ನು ಹೇಳಿದರೂ, ಅದು ಜಗತ್ತನ್ನು ತಲುಪುವಾಗ ಡಿಸ್ನಿಯ ರೂಪದ ಜೊತೆ ಹೋಲಿಸಿಕೊಳ್ಳಲೇಬೇಕು. ಕಥೆಯ ಹಕ್ಕು ಎಲ್ಲರದು, ಕಥೆಯ ನೆನಪು ಒಬ್ಬರದು ಎಂಬ ಸ್ಥಿತಿ ಇದು. ಮಕ್ಕಳ ಕೈಗೆ ಪುಸ್ತಕ ಕೊಡುವುದಕ್ಕಿಂತ ಇದಕ್ಕೆ ಬೇರೆ ಪರಿಹಾರ ತೋರುವುದಿಲ್ಲ.

2036ರ ಜನವರಿ 1ರಂದು 1940ರ ಚಿತ್ರವೂ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಗಬೇಕು. ಆಗ ಹಳದಿ ಟೋಪಿಯ ಹುಡುಗನನ್ನೂ ಬೇರೆಯವರು ತೆರೆಗೆ ತರಲು ಹೊರಡುತ್ತಾರೆ. ಟ್ರೇಡ್‌ಮಾರ್ಕ್ ತಕರಾರುಗಳೂ ಏಳಬಹುದು. ಕೊಲ್ಲೋದಿಯ ಬೊಂಬೆಗೆ ಅಷ್ಟು ಕಾಯಬೇಕಿಲ್ಲ. ಬಟ್ಟೆ ಕೊಳ್ಳಲು ಕಾಸಿಲ್ಲದ ಜೆಪ್ಪೆತ್ತೋ ಮಗನಿಗೆ ಹೂವಿನ ಚಿತ್ರದ ಕಾಗದದಿಂದ ಅಂಗಿ ಹೊಲಿದ, ಮರದ ತೊಗಟೆಯಿಂದ ಚಪ್ಪಲಿ ಮಾಡಿದ, ಬ್ರೆಡ್ಡಿನ ತಿರುಳನ್ನು ನಾದಿ ತಲೆಗೊಂದು ಟೋಪಿ ಮಾಡಿದ. ಆ ಟೋಪಿ ಇವತ್ತಿಗೂ ಯಾರ ಒಡೆತನದಲ್ಲೂ ಇಲ್ಲ.